ದೀಪಾವಳಿಗೆ ಮನೆಯವರಿಗೆ ಏನು ಕೊಡಲಿ? ಅಮ್ಮನಿಗೆ ಕೊಟ್ಟ ಮೂರು ಸೀರೆ ಬೀರುವಿನಲ್ಲೇ ಇವೆ

ಅರಸೀಕೆರೆ ಅನು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಇನ್ನು 24 ದಿನ ಇದೆ. ನಾನು ಇರುವುದು ಬೆಂಗಳೂರಿನಲ್ಲಿ, ತವರು ಅರಸೀಕೆರೆ. ಹೋದ ವಾರ ಊರಿಗೆ ಹೋದಾಗ ಏನೋ ಹುಡುಕುತ್ತಾ ಅಮ್ಮನ ಬೀರು ತೆಗೆದೆ. ಹಿಂದಿನ ಮೂರು ದೀಪಾವಳಿಗೆ ನಾನು ಕೊಟ್ಟ ಮೂರು ಸೀರೆಯೂ ಅಂಗಡಿಯ ಕವರಿನಲ್ಲೇ ಇದ್ದವು. ಕೇಳಿದರೆ, "ಚೆನ್ನಾಗಿವೆ ಕಣೇ, ಯಾವುದಾದರೂ ಮದುವೆಗೆ ಉಡೋಣ ಅಂತ ಇಟ್ಟಿದ್ದೀನಿ" ಅಂದರು. ಈ ಮೂರು ವರ್ಷದಲ್ಲಿ ನಮ್ಮ ನೆಂಟರಲ್ಲೇ ಐದಾರು ಮದುವೆ ಆಗಿವೆ.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಅಮ್ಮನಿಗೆ ಅಂತ ತಗೊಂಡೆನಾ, ಇಲ್ಲ ಹಬ್ಬಕ್ಕೆ ಏನೋ ಕೊಡಬೇಕಲ್ಲ ಅಂತ ತಗೊಂಡೆನಾ?

ಈ ಸಲ ಕೊಡಬೇಕಾದವರು ಇವರು. ಅಮ್ಮ. ಅಪ್ಪ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಅಜ್ಜಿಗೆ 84 ವರ್ಷ. ಅಣ್ಣನ ಮಗನಿಗೆ 5. ಧಾರವಾಡದಲ್ಲಿರುವ ಅತ್ತೆ. ಮೆಲ್ಬರ್ನ್‌ನಲ್ಲಿರುವ ನಾದಿನಿ. ಎಲ್ಲ ಸೇರಿ 12,000 ರೂಪಾಯಿ ಎತ್ತಿಟ್ಟಿದ್ದೇನೆ. ಇಂಥದ್ದು ತಗೊಳ್ಳಿ ಅಂತ ಪಟ್ಟಿ ಕೊಟ್ಟರೂ ಸಂತೋಷ. ಆದರೆ ನೀವು ಹೇಗೆ ಯೋಚನೆ ಮಾಡಿ ಆರಿಸುತ್ತೀರಿ ಅಂತ ಹೇಳಿದರೆ ಇನ್ನೂ ಸಂತೋಷ.

ಶಿರಸಿ ಸುಮ | ಭಾನುವಾರ, ರಾತ್ರಿ 10:25

ಅನು, ನನ್ನ ಅನುಭವ ಹೇಳುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಅಮ್ಮನ ಅಡುಗೆಮನೆಯಲ್ಲಿ ಒಂದು ದಿನ ಸುಮ್ನೆ ಕೂತುಕೊಳ್ಳಿ. ಅವರು ಯಾವುದನ್ನು ದಿನಾ ಬಳಸುತ್ತಾರೆ, ಯಾವುದನ್ನು ಬಳಸುವುದು ಬಿಟ್ಟಿದ್ದಾರೆ ಅಂತ ನೋಡಿ. ಬಿಟ್ಟಿದ್ದು ಯಾಕೆ ಅಂತ ಕೇಳಿ.

ನಮ್ಮ ಆಯಿ ಹತ್ತು ವರ್ಷದಿಂದ ಹಿತ್ತಾಳೆ ಪಾತ್ರೆಗಳನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಳು. ಮಕ್ಕಳೆಲ್ಲ ಸ್ಟೀಲು, ನಾನ್‌ಸ್ಟಿಕ್ಕು ಅಂತ ತಂದುಕೊಡುತ್ತಲೇ ಇದ್ದೆವು. ಒಂದು ದಿನ ಕೇಳಿದೆ. "ಕಲಾಯಿ ಹೋಗಿದೆ, ಹಾಕುವವರು ಈಗ ಮನೆ ಬಾಗಿಲಿಗೆ ಬರುವುದಿಲ್ಲ" ಅಂದಳು. ಅಷ್ಟೇ ಕಾರಣ.

ಹಿತ್ತಾಳೆ, ತಾಮ್ರದ ಪಾತ್ರೆಯ ಒಳಗೆ ತವರದ ಲೇಪ ಇಲ್ಲದಿದ್ದರೆ ಹುಳಿ, ಸಾರು ಮಾಡುವ ಹಾಗಿಲ್ಲ. ಹುಣಸೆಹಣ್ಣು ತಾಗಿದರೆ ಕಿಲುಬು ಬಿಡುತ್ತದೆ. ನಾನು ಏಳು ಪಾತ್ರೆ ಗೋಣಿಚೀಲಕ್ಕೆ ತುಂಬಿಕೊಂಡು ಪೇಟೆಗೆ ಹೋದೆ. ಪಾತ್ರೆ ಅಂಗಡಿಯವರನ್ನು ಕೇಳಿ, ಕಲಾಯಿ ಹಾಕುವ ಒಬ್ಬ ಹಿರಿಯರನ್ನು ಹುಡುಕಿದೆ. ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಪಾತ್ರೆ ಉಜ್ಜಿ ಕೊಳೆ ತೆಗೆದರು. ಆಮೇಲೆ ಇದ್ದಿಲ ಬೆಂಕಿಯ ಮೇಲಿಟ್ಟು ತಿದಿ ಒತ್ತಿದರು. ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿದ ಕೂಡಲೇ ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಸರ್ರನೆ ಒಂದು ಸುತ್ತು ಒರೆಸಿದರು. ಒಳಗೆಲ್ಲ ಬೆಳ್ಳಿ ಹಾಗೆ ಆಯಿತು.

ಆ ದೀಪಾವಳಿಗೆ ಆಯಿ ತನ್ನ ಮದುವೆಗೆ ಕೊಟ್ಟಿದ್ದ ಪಾತ್ರೆಯಲ್ಲಿ ಸಾರು ಕುದಿಸಿದಳು. ಸಾರಿನ ಮುಂದೆ ನಿಂತು ಕಣ್ಣು ಒರೆಸಿಕೊಂಡಳು. ನಾನು ಆವರೆಗೆ ಕೊಟ್ಟ ಯಾವ ಉಡುಗೊರೆಗೂ ಅವಳು ಅತ್ತಿರಲಿಲ್ಲ.

ಎರಡು ಎಚ್ಚರ. ಶುದ್ಧ ತವರವೇ ಹಾಕಬೇಕು, ಸೀಸ ಬೆರೆತದ್ದು ಬೇಡ ಅಂತ ಮೊದಲೇ ಹೇಳಿ. ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲೆ ಬಿಡಬಾರದು. ತವರ 232 ಡಿಗ್ರಿಗೇ ಕರಗುತ್ತದೆ.

ಧಾರವಾಡ ಗಂಗಾ | ಸೋಮವಾರ, ಬೆಳಿಗ್ಗೆ 6:50

ಅನು, ನಾನು 19 ವರ್ಷದಿಂದ ಮನೆಯಲ್ಲೇ ಕುಪ್ಪಸ ಹೊಲಿಯುವವಳು. ಸೀರೆ ಯಾಕೆ ಕವರಿನಲ್ಲೇ ಉಳಿಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅಮ್ಮನಿಗೆ ಸೀರೆ ಮೆಚ್ಚುಗೆ ಆಗಿಲ್ಲ ಅಂತ ಅಲ್ಲ. ಫಾಲ್ ಹಚ್ಚಿಲ್ಲ, ಕುಚ್ಚು ಕಟ್ಟಿಲ್ಲ, ಕುಪ್ಪಸ ಹೊಲಿಸಿಲ್ಲ. ಅದಕ್ಕೆಲ್ಲ ಟೈಲರ್ ಹತ್ತಿರ ಎರಡು ಮೂರು ಸಲ ಓಡಾಡಬೇಕು, ಮತ್ತೆ ಸಾವಿರದ ಹತ್ತಿರ ಖರ್ಚು. ಆ ಖರ್ಚನ್ನು ತನಗೋಸ್ಕರ ಮಾಡಿಕೊಳ್ಳಲು ತಾಯಂದಿರಿಗೆ ಕೈ ಬರುವುದಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಜನ, "ಮಗ ಕೊಡಿಸಿದ್ದರೀ, ನಾಲ್ಕು ವರ್ಷ ಆಯಿತು" ಅಂತಲೇ ಚೀಲ ಬಿಚ್ಚುತ್ತಾರೆ.

ಅದಕ್ಕೇ ಹೇಳುತ್ತೇನೆ, ಈ ಸಲ ಹೊಸ ಸೀರೆ ತರಬೇಡಿ. ಅಮ್ಮ ದಿನಾ ಹಾಕುವ, ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಕುಪ್ಪಸ ಅಳತೆಗೆ ತನ್ನಿ. ಮದುವೆ ಮನೆಗೆ ಅಂತ ಇಟ್ಟದ್ದು ಬೇಡ, ಅದು ಹತ್ತು ವರ್ಷ ಹಿಂದಿನ ಅಳತೆ ಇರುತ್ತದೆ. ಮೂರೂ ಸೀರೆಗೆ ಫಾಲ್, ಕುಚ್ಚು, ಕುಪ್ಪಸ ಮಾಡಿಸಿ. ಕೊಕ್ಕೆ ಮುಂದೆಯೋ ಹಿಂದೆಯೋ ನೋಡಿ. ಮೊಣಕೈ ನೋವು ಇರುವವರಿಗೆ ಹಿಂದಿನ ಕೊಕ್ಕೆ ಆಗುವುದಿಲ್ಲ. ಒಳಗೆ ಎರಡೂ ಕಡೆ ಒಂದು ಇಂಚು ಬಟ್ಟೆ ಬಿಡಿಸಿ, ಬೇಕಾದರೆ ಮುಂದೆ ಬಿಚ್ಚಿಕೊಳ್ಳಬಹುದು. ಇವತ್ತೇ ಕೊಡಿ. ದಸರಾ ಮುಗಿದ ಮೇಲೆ ಯಾವ ಟೈಲರೂ ಕೈಗೆ ಸಿಗುವುದಿಲ್ಲ.

ನಿಮ್ಮ ಅತ್ತೆ ನಮ್ಮ ಕಡೆಯವರು ಅಂದಿರಿ. ಅವರಿಗೆ ಕೊಡುವುದಿದ್ದರೆ ಇಳಕಲ್ ಕಾಟನ್ ಸೀರೆ ನೋಡಿ. ದಿನಾ ಉಡಬಹುದು, ತೊಳೆದ ಹಾಗೆ ಮೆತ್ತಗಾಗುತ್ತದೆ. ಕೈಮಗ್ಗದ್ದು ಅಂತ ಗುರುತಿಸಲು ಸೆರಗನ್ನು ನೋಡಿ. ಇಳಕಲ್‌ನಲ್ಲಿ ಮೈಯ ಹಾಸು ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಈ ಸೆರಗಿಗೆ ಟೋಪ ತೆನಿ ಸೆರಗು ಅನ್ನುತ್ತಾರೆ. ಸೆರಗು ಎಲ್ಲಿ ಶುರುವಾಗುತ್ತದೋ ಅಲ್ಲಿ ಬೆರಳಾಡಿಸಿದರೆ ಆ ಜೋಡಣೆ ತಿಳಿಯುತ್ತದೆ. ಜೊತೆಗೆ ಗುಳೇದಗುಡ್ಡದ ಒಂದು ಖಣ ಕೊಟ್ಟರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದಕ್ಕಿಂತ ಮರ್ಯಾದೆ ಇಲ್ಲ.

ಬೆಂಗಳೂರು ರಾಘು | ಸೋಮವಾರ, ಬೆಳಿಗ್ಗೆ 9:15

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದುಡ್ಡು ಕೊಡಿ. ನಾವು ಊಹೆ ಮಾಡಿ ಏನೋ ತರುವುದಕ್ಕಿಂತ ಅವರಿಗೆ ಬೇಕಾದ್ದು ಅವರೇ ತಗೊಳ್ಳಲಿ. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ದುಡ್ಡು ಬರುವುದು ನಮ್ಮ ಪದ್ಧತಿಯೇ ಅಲ್ವಾ? ನಮ್ಮ ಅಮ್ಮನಿಗೆ ಮನಿ ಆರ್ಡರ್ ಬರುತ್ತಿತ್ತು. ಮೊತ್ತ ಚಿಕ್ಕದು. ಆದರೆ ಅದು ಅವರ ದುಡ್ಡು, ಅಪ್ಪ ಲೆಕ್ಕ ಕೇಳುತ್ತಿರಲಿಲ್ಲ.

ಕುಂದಾಪ್ರ ಕಮಲ | ಸೋಮವಾರ, ಬೆಳಿಗ್ಗೆ 11:02

ರಾಘು ಹೇಳಿದ್ದು ನಿಜ. ಆದರೆ ಒಂದು ಮಾತು ಸೇರಿಸುತ್ತೇನೆ. ದುಡ್ಡನ್ನು ಹೇಗೆ ಕೊಡುತ್ತೇವೆ ಅನ್ನುವುದೂ ಮುಖ್ಯ. ಖಾತೆಗೆ ಹಾಕಿದರೆ ವಯಸ್ಸಾದವರಿಗೆ ಅದು ಕೈಗೆ ಬಂದ ಹಾಗೆ ಆಗುವುದಿಲ್ಲ. ಕರೆಂಟ್ ಬಿಲ್ಲು, ಔಷಧಿಯ ಜೊತೆ ಕರಗಿ ಹೋಗುತ್ತದೆ.

ನಮ್ಮ ಅಜ್ಜಿಗೆ ನಾನು ಬ್ಯಾಂಕಿನಿಂದ ಹೊಸ ಹತ್ತು ರೂಪಾಯಿ ನೋಟಿನ ಒಂದು ಕಟ್ಟು ತಂದುಕೊಟ್ಟಿದ್ದೆ. ನೂರು ನೋಟು, ಒಂದು ಸಾವಿರ ರೂಪಾಯಿ. ಹಬ್ಬಕ್ಕೆ ಬಂದು ಕಾಲಿಗೆ ಬಿದ್ದ ಎಲ್ಲರಿಗೂ ಅಜ್ಜಿ ಒಂದೊಂದು ಗರಿಗರಿ ನೋಟು ಕೊಟ್ಟರು. ಹಾಲಿನ ಹುಡುಗನಿಗೆ, ಹೂವಿನವಳಿಗೆ, ಮೊಮ್ಮಕ್ಕಳಿಗೆ, ಮೊಮ್ಮಕ್ಕಳ ಸ್ನೇಹಿತರಿಗೆ. ವಯಸ್ಸಾದ ಮೇಲೆ ಎಲ್ಲರೂ ಅವರಿಗೆ ಕೊಡುವವರೇ. ಅವರು ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆ ಸಂಕಟ ಅವರು ಬಾಯಿಬಿಟ್ಟು ಹೇಳುವುದಿಲ್ಲ.

ರವಿಕೆ ಕಣವೂ ಹೀಗೆಯೇ. ಬಂದ ಮುತ್ತೈದೆಯರಿಗೆ ಕೊಡಲು ಅಂತ ಅಮ್ಮ, ಅಜ್ಜಿ ಎತ್ತಿಟ್ಟುಕೊಳ್ಳುತ್ತಾರೆ. ಆದರೆ ಮನೆಯಿಂದ ಮನೆಗೆ ಸುತ್ತುವ ಕಣ ಎಷ್ಟೋ ಸಲ 70-80 ಸೆಂಟಿಮೀಟರ್ ತೆಳು ಬಟ್ಟೆ. ಅದರಲ್ಲಿ ಎಷ್ಟೋ ಜನರಿಗೆ ರವಿಕೆ ಆಗುವುದಿಲ್ಲ. ಒಳ್ಳೆ ಕಾಟನ್ ಬಟ್ಟೆಯನ್ನು ಒಂದೊಂದು ಮೀಟರ್ ಕತ್ತರಿಸಿ ಹತ್ತು ತುಂಡು ಕೊಟ್ಟು ನೋಡಿ. ಅವರ ಕೈಯಿಂದ ಹೋಗಿದ್ದು ನಿಜವಾಗಿ ರವಿಕೆ ಆಗುತ್ತದೆ.

ತಿಪಟೂರು ಮೇಷ್ಟ್ರು | ಸೋಮವಾರ, ಸಂಜೆ 5:30

ನೋಡಮ್ಮ ಅನು, ನಾನು ಕೊಡುವವರ ಸಾಲಿನಲ್ಲಿ ಇಲ್ಲ, ತಗೊಳ್ಳುವವರ ಸಾಲಿನಲ್ಲಿದ್ದೇನೆ. ನನಗೆ 71 ವರ್ಷ. ಮಕ್ಕಳು ಪ್ರತಿ ಹಬ್ಬಕ್ಕೂ ಶರ್ಟು, ಪಂಚೆ ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಆದರೆ ನಾನು ಈಗ ಹೊರಗೆ ಹೋಗುವುದೇ ಕಡಿಮೆ.

ನನ್ನ ಕಿರಿಯ ಮಗ ಎರಡು ವರ್ಷದ ಹಿಂದೆ ಒಂದು ಕೆಲಸ ಮಾಡಿದ. ದೀಪಾವಳಿಯ ಮಾರನೆಯ ದಿನ ಫೋನು ಬದಿಗಿಟ್ಟು, ನಾನು ಮೊದಲು ಕೆಲಸಕ್ಕೆ ಸೇರಿದ ಊರಿಗೆ ನನ್ನನ್ನು ಕರೆದುಕೊಂಡು ಹೋದ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ನೆಡಿಸಿದ್ದ ಹೊಂಗೆ ಮರ ಶಾಲೆಯ ಛಾವಣಿಗಿಂತ ಎತ್ತರ ಬೆಳೆದಿದೆ. ನನ್ನ ಹತ್ತಿರ ಓದಿದ ಹುಡುಗನೊಬ್ಬ ಈಗ ತಾತ ಆಗಿದ್ದಾನೆ. ಅವನ ಮನೆಯಲ್ಲಿ ಊಟ ಮಾಡಿದೆವು. ನಾನು ಯಾವ ಬೆಂಚಿನ ಮೇಲೆ ಮಲಗುತ್ತಿದ್ದೆ, ಯಾವ ಬಾವಿಯಿಂದ ನೀರು ಸೇದುತ್ತಿದ್ದೆ ಅಂತ ಮಗ ಎಲ್ಲ ಕೇಳಿದ. ನನ್ನ ಜೀವನದಲ್ಲಿ ಅವನು ಹುಟ್ಟುವ ಮುಂಚಿನ ಭಾಗವನ್ನು ಅವನು ಕೇಳಿದ್ದು ಅದೇ ಮೊದಲು.

ನಿನ್ನ ತಂದೆ ಕಂಡಕ್ಟರ್ ಆಗಿದ್ದರು ಅಂದೆ. ಅವರು ಜಾಸ್ತಿ ಓಡಿದ ದಾರಿ ಯಾವುದು? ಅದೇ ದಾರಿಯ ಬಸ್ಸಿನಲ್ಲಿ ಅವರ ಪಕ್ಕ ಒಂದು ದಿನ ಕೂತು ಬಾ.

ಅರಸೀಕೆರೆ ಅನು | ಸೋಮವಾರ, ರಾತ್ರಿ 8:48

ಮೇಷ್ಟ್ರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಪ್ಪನ ದಾರಿ ಯಾವುದು ಅಂತ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಈಗ ಫೋನು ಮಾಡಿ ಕೇಳಿದೆ. ಚನ್ನರಾಯಪಟ್ಟಣ, ಕೆ.ಆರ್. ಪೇಟೆ ಮೇಲೆ ಮೈಸೂರಿಗಂತೆ. ಹನ್ನೊಂದು ವರ್ಷ ಅದೇ ದಾರಿ. "ಯಾಕೆ ಕೇಳಿದೆ?" ಅಂದರು. ಹೇಳಲಿಲ್ಲ.

ಗಂಗಕ್ಕ, ಮೂರೂ ಸೀರೆ ಈ ಶನಿವಾರ ಹೋಗಿ ತರುತ್ತೇನೆ. ಅಮ್ಮನಿಗೆ ಗೊತ್ತಾಗದ ಹಾಗೆ ಅಳತೆ ಕುಪ್ಪಸ ಹೇಗೆ ತರುವುದು ಅನ್ನುವುದೇ ಈಗಿನ ಯೋಚನೆ.

ಧಾರವಾಡ ಗಂಗಾ | ಸೋಮವಾರ, ರಾತ್ರಿ 9:05

ಕದ್ದು ತರಬೇಡಿ. ಒಣಗಲು ಹಾಕಿದ ಕುಪ್ಪಸದ ಅಳತೆ ತೆಗೆದುಕೊಳ್ಳಿ. ಎದೆ ಸುತ್ತು, ಸೊಂಟದ ಸುತ್ತು, ಉದ್ದ, ಭುಜ, ತೋಳಿನ ಉದ್ದ, ತೋಳಿನ ಸುತ್ತು, ಮುಂದಿನ ಕುತ್ತಿಗೆ ಆಳ, ಹಿಂದಿನ ಕುತ್ತಿಗೆ ಆಳ. ಎಂಟು ಅಳತೆ ಸಾಕು.

ಚನ್ನಪಟ್ಟಣ ಚಂದ್ರು | ಮಂಗಳವಾರ, ಬೆಳಿಗ್ಗೆ 7:35

ಐದು ವರ್ಷದ ಮಗುವಿಗೆ ಅಂದಿರಿ. ಬ್ಯಾಟರಿ ಆಟಿಕೆ ಬೇಡ ಅಂತ ನಾನು ಹೇಳಲ್ಲ. ಆದರೆ ಅದು ಹತ್ತು ದಿನ. ನಮ್ಮ ಊರಿನ ಮರದ ಆಟಿಕೆ ನೋಡಿ. ಹಾಲೆ ಮರದಲ್ಲಿ ಮಾಡುತ್ತಾರೆ. ಬಿಳಿ, ಮೆದು ಮರ. ಲೇತಿನಲ್ಲಿ ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಬ್ರಷ್ಷಿನಿಂದ ಬಳಿದ ಬಣ್ಣ ಅಲ್ಲ. ಅದಕ್ಕೇ ಎದ್ದು ಬರುವುದಿಲ್ಲ.

ಈಗ ಹೆದ್ದಾರಿ ಬದಿಯಲ್ಲಿ ಚನ್ನಪಟ್ಟಣದ್ದು ಅಂತ ಬೇರೆ ಆಟಿಕೆಗಳನ್ನೂ ಮಾರುತ್ತಾರೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಮೂಗಿಗೆ ಹಿಡಿದು ನೋಡಿ, ಪೇಂಟಿನ ವಾಸನೆ ಬಂದರೆ ಬೇಡ. ಮೂಲೆಗಳು ದುಂಡಗೆ, ನುಣ್ಣಗೆ ಇರಬೇಕು. ಬೆಂಗಳೂರಿನಲ್ಲೇ ತಗೊಳ್ಳುವುದಾದರೆ ಸರ್ಕಾರದ ಕಾವೇರಿ ಮಳಿಗೆ ಇದೆ.

ನನ್ನ ಸಲಹೆ ಕೇಳಿದರೆ ಗೊಂಬೆಗಿಂತ ಅಳಗುಳಿಮಣೆ ತಗೊಳ್ಳಿ. ಏಳು ಗುಳಿ ಆ ಕಡೆ, ಏಳು ಈ ಕಡೆ. ಹುಣಸೆ ಬೀಜ ಹಾಕಿ ಆಡುವುದು. ಐದು ವರ್ಷಕ್ಕೆ ಎಣಿಕೆ ಬರುತ್ತದೆ. ಇನ್ನೊಂದು ಕಡೆ ಕೂರಲು ನಿಮ್ಮ ಅಜ್ಜಿ ಇದ್ದಾರಲ್ಲ!

ಕುಂದಾಪ್ರ ಕಮಲ | ಮಂಗಳವಾರ, ಬೆಳಿಗ್ಗೆ 8:20

ನಮ್ಮ ಕರಾವಳಿಯಲ್ಲಿ ಇದಕ್ಕೆ ಚೆನ್ನೆಮಣೆ ಅನ್ನುತ್ತೇವೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಆಟ. ಚಂದ್ರು ಹೇಳಿದ್ದು ತುಂಬ ಒಳ್ಳೆ ಯೋಚನೆ. ಮಗುವಿಗೆ ಒಂದು, ಅಜ್ಜಿಗೆ ಒಂದು ಅಂತ ಬೇರೆ ಬೇರೆ ತರುವುದಕ್ಕಿಂತ ಇಬ್ಬರನ್ನೂ ಒಂದು ಮಣೆಯ ಮುಂದೆ ಕೂರಿಸುವುದು ಮೇಲು. ನಿಯಮ ಊರಿಗೊಂದು ಥರ. ಅಂಗಡಿಯ ಚೀಟಿ ನೋಡಬೇಡಿ, ಅಜ್ಜಿಯನ್ನೇ ಕೇಳಿ.

ಮೆಲ್ಬರ್ನ್ ಮಂಗಳ | ಮಂಗಳವಾರ, ಮಧ್ಯಾಹ್ನ 1:10

ನಾದಿನಿ ನಮ್ಮ ಊರಿನಲ್ಲೇ ಇರುವುದು ಓದಿ ಬರೆಯುತ್ತಿದ್ದೇನೆ. ದಯವಿಟ್ಟು ಧಾರವಾಡ ಪೇಡ ಕಳಿಸಬೇಡಿ. ಭಾರತದಿಂದ ಹಾಲಿನ ಸಿಹಿತಿಂಡಿ ಆಸ್ಟ್ರೇಲಿಯಾದೊಳಗೆ ತರಲು ಬಿಡುವುದಿಲ್ಲ. ಇಲ್ಲಿಯ ದನಕರುಗಳಿಗೆ ಕಾಲುಬಾಯಿ ರೋಗ ಬರಬಾರದು ಅಂತ. ನನ್ನ ಅಮ್ಮ ಮೊದಲ ಸಲ ಬಂದಾಗ ಎರಡು ಕಿಲೋ ಪೇಡ, ಮನೆಯ ತುಪ್ಪ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಎಲ್ಲ ಬಿಟ್ಟು ಬರಬೇಕಾಯಿತು. ಫಾರಂನಲ್ಲಿ ಸರಿಯಾಗಿ ಬರೆದಿದ್ದರಿಂದ ದಂಡ ಬೀಳಲಿಲ್ಲ. ಆದರೆ ಮಗಳಿಗೆ ಅಂತ ತಂದಿದ್ದು ಕೈಯಿಂದ ಹೋಯಿತಲ್ಲ ಅಂತ ಅಮ್ಮ ಕಾರಿನಲ್ಲಿ ಕೂತು ಅತ್ತರು. ಬಿತ್ತನೆ ಬೀಜ, ಹಣ್ಣು, ಹೂವು ಕೂಡ ಬೇಡ. ಮರದ ಸಾಮಾನು ತರಬಹುದು, ಆದರೆ ಹೇಳಿ ತೋರಿಸಬೇಕು, ಹುಳು ಕೊರೆದ ಗುರುತು ಇರಬಾರದು. ಯಾವ ದೇಶಕ್ಕೆ ಹೊರಟರೂ ಬಾಗಿನದ ಒಣಕೊಬ್ಬರಿ ಬಟ್ಟಲು ಕಟ್ಟಿಕೊಳ್ಳಬೇಡಿ. ಎಣ್ಣೆ ಇರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ ಅಂತ ವಿಮಾನದವರು ತೆಗೆದುಬಿಡುತ್ತಾರೆ.

ಹಾಗಾದರೆ ಏನು ಕಳಿಸುವುದು? ನನಗೆ ಬಂದ ಅತಿ ಒಳ್ಳೆಯ ಉಡುಗೊರೆ ಒಂದು 200 ಪುಟದ ಗೆರೆ ಪುಸ್ತಕ. ಅಮ್ಮ ತಮ್ಮ ಕೈಯಿಂದ 31 ಅಡುಗೆ ಬರೆದು ಕಳಿಸಿದ್ದರು. ಫೋನಿನಲ್ಲಿ ಕೇಳಿದರೆ "ಕಣ್ಣಳತೆಯಲ್ಲಿ ಹಾಕು" ಅನ್ನುತ್ತಿದ್ದರು. ಬರೆಯಲು ಕೂತಾಗ ಅವರೇ ಅಳೆದು ನೋಡಿದ್ದಾರೆ. ಸಾರಿನ ಪುಡಿಗೆ ಧನಿಯ ಎಷ್ಟು ಲೋಟ, ಮೆಂತ್ಯ ಎಷ್ಟು ಚಮಚ ಅಂತ. ಒಂದು ಪುಟದಲ್ಲಿ ಎಣ್ಣೆಯ ಕಲೆ ಇದೆ. ಇನ್ನೊಂದರಲ್ಲಿ "ಇದು ನಿಮ್ಮ ಅಪ್ಪನಿಗೆ ಇಷ್ಟ" ಅಂತ ಬರೆದು ಗೆರೆ ಎಳೆದಿದ್ದಾರೆ. ಅಪ್ಪ ಈಗ ಇಲ್ಲ. ಆ ಪುಟ ತೆಗೆದಾಗಲೆಲ್ಲ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಿಮ್ಮ ಅತ್ತೆಯ ಕೈಯಿಂದ ನಾಲ್ಕು ಅಡುಗೆ ಬರೆಸಿ ಕಳಿಸಿ. ಕಾಗದಕ್ಕೆ ಯಾವ ತಡೆಯೂ ಇಲ್ಲ.

ಮಂಡ್ಯ ಮಮತ | ಮಂಗಳವಾರ, ರಾತ್ರಿ 9:55

ಇಲ್ಲಿ ಒಂದು ಕೇಳಬಹುದಾ? ನಮ್ಮ ಸ್ನೇಹಿತೆಯ ಯಜಮಾನರು ಆಷಾಢದಲ್ಲಿ ತೀರಿಹೋದರು. ಅವರ ಮನೆಯಲ್ಲಿ ಈ ವರ್ಷ ಹಬ್ಬ ಇಲ್ಲ. ಚಿಕ್ಕ ಮಕ್ಕಳಿಬ್ಬರು ಇದ್ದಾರೆ. ಏನು ತಗೊಂಡು ಹೋದರೂ ತಪ್ಪಾಗುತ್ತದೇನೋ ಅಂತ ಭಯ. ಹೋಗದೇ ಇರುವುದಂತೂ ತಪ್ಪು.

ಶಿರಸಿ ಸುಮ | ಮಂಗಳವಾರ, ರಾತ್ರಿ 10:30

ಖಂಡಿತ ಹೋಗಿ ಮಮತ. ಹಬ್ಬ ಮಾಡದ ಮನೆಗೆ ನೆರೆಯವರು, ನೆಂಟರು ಹಬ್ಬದ ಅಡುಗೆ ಕೊಟ್ಟು ಬರುವುದು ನಮ್ಮಲ್ಲಿ ಹಿಂದಿನಿಂದ ಇದೆ. ಎಣ್ಣೆಗೆ ಬಿಡುವಂತಿಲ್ಲ, ಹೋಳಿಗೆ ಮಾಡುವಂತಿಲ್ಲ ಅಂತ ಆ ಮನೆಯ ಮಕ್ಕಳು ಹಾಗೇ ಇರಬಾರದು ಅಂತ. ಉಡುಗೊರೆಯ ಕಾಗದ ಸುತ್ತಬೇಡಿ. ನಿಮ್ಮ ಮನೆಯ ಡಬ್ಬಿಯಲ್ಲೇ ತಗೊಂಡು ಹೋಗಿ. ಡಬ್ಬಿ ವಾಪಸ್ ತರಲು ಇನ್ನೊಂದು ದಿನ ಹೋಗಬಹುದು. ಆ ಎರಡನೇ ಸಲ ಹೋಗುವುದೇ ಜಾಸ್ತಿ ಬೇಕಾದದ್ದು. ಮೊದಲ ಹದಿನೈದು ದಿನ ಎಲ್ಲರೂ ಬರುತ್ತಾರೆ, ಆಮೇಲೆ ಯಾರೂ ಬರುವುದಿಲ್ಲ.

ಅವರ ಮನೆಯವರನ್ನು ಒಮ್ಮೆ ಕೇಳಿ ಹೋಗಿ. ಕೆಲವರ ಪದ್ಧತಿ ಬೇರೆ ಇರಬಹುದು.

ತಿಪಟೂರು ಮೇಷ್ಟ್ರು | ಬುಧವಾರ, ಬೆಳಿಗ್ಗೆ 6:15

ಮಮತಾ, ಆ ಮಕ್ಕಳ ಹತ್ತಿರ ಅವರ ತಂದೆಯ ಹೆಸರು ತೆಗೆಯಲು ಹೆದರಬೇಡಮ್ಮ. ನಿನಗೆ ಗೊತ್ತಿರುವ ಒಂದು ಒಳ್ಳೆ ಸಂಗತಿ ಇದ್ದರೆ ಹೇಳು. ನನ್ನ ತಂದೆ ಹೋದಾಗ ನನಗೆ ಒಂಬತ್ತು ವರ್ಷ. ಅವರ ಬಗ್ಗೆ ಯಾರಾದರೂ ಮಾತಾಡಲಿ ಅಂತ ಕಾಯುತ್ತಿದ್ದೆ. ಎಲ್ಲರೂ ಸುಮ್ಮನಾಗುತ್ತಿದ್ದರು.

ಹುಬ್ಬಳ್ಳಿ ಹುಡುಗ | ಬುಧವಾರ, ಮಧ್ಯಾಹ್ನ 12:40

ಅನು ಅವರೇ, ಅತ್ತೆ ಧಾರವಾಡದವರು ಅಂದರೆ ಒಂದು ಕೇಳಿ ನೋಡಿ. ಅವರಿಗೆ ಅಣ್ಣ ತಮ್ಮಂದಿರು ಇದ್ದಾರೆಯೇ? ನಮ್ಮ ಕಡೆ ದೀಪಾವಳಿಗೆ ಹೆಣ್ಣುಮಕ್ಕಳು ಅಣ್ಣ ತಮ್ಮಂದಿರಿಗೆ ಆರತಿ ಮಾಡುತ್ತಾರೆ. ವಯಸ್ಸಾದ ಮೇಲೆ ಇದು ನಿಂತು ಹೋಗುತ್ತದೆ. ಇವರಿಗೆ ಮೊಣಕಾಲು ನೋವು, ಅವರಿಗೆ ಶುಗರು, ಕರೆದುಕೊಂಡು ಹೋಗುವವರು ಇಲ್ಲ. ನಮ್ಮ ಅವ್ವ ಆರು ವರ್ಷ ತನ್ನ ಅಣ್ಣನ ಮುಖ ನೋಡಿರಲಿಲ್ಲ. ಇಬ್ಬರ ನಡುವೆ ಇದ್ದ ದೂರ ಬರೀ 60 ಕಿಲೋಮೀಟರ್. ಹೋದ ವರ್ಷ ಕಾರು ಮಾಡಿ ಗದಗಕ್ಕೆ ಕರೆದುಕೊಂಡು ಹೋದೆ. ಮಾವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದರು.

ಬೆಂಗಳೂರು ರಾಘು | ಬುಧವಾರ, ರಾತ್ರಿ 8:00

ಮನೆಗೆಲಸಕ್ಕೆ ಬರುವವರನ್ನು ಯಾರೂ ಹೇಳಲಿಲ್ಲ. ಅವರಿಗೆ ಕೊಡುವ ಬೋನಸ್ ಹಬ್ಬಕ್ಕೆ ಹತ್ತು ದಿನ ಮುಂಚೆ ಕೊಡಿ. ಹಬ್ಬದ ದಿನ ಕೊಟ್ಟರೆ ಅವರು ಮಕ್ಕಳಿಗೆ ಬಟ್ಟೆ ತರುವುದು ಯಾವಾಗ? ನಮಗೆ ಬಂದು ಮಿಕ್ಕಿದ ಸ್ವೀಟ್ ಡಬ್ಬಿಯನ್ನು ಅವರಿಗೆ ದಾಟಿಸುವುದು ಬೇಡ. ಹಬ್ಬದ ದಿನ ರಜೆ ಕೊಡಿ.

ಶಿರಸಿ ಸುಮ | ಗುರುವಾರ, ಸಂಜೆ 6:22

ರಾಘು, ಸರಿಯಾದ ಮಾತು.

ಅನು, ಒಂದು ಬಿಟ್ಟುಹೋಗಿತ್ತು. ಅಪ್ಪನಿಗೆ ಕೈಗೆ ಏನಾದರೂ ಕೊಡಬೇಕು ಅನ್ನಿಸಿದರೆ ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಶರ್ಟು ನೋಡಿ. ಅಡಿಕೆ ಬೇಯಿಸಿದಾಗ ಬರುವ ಚೊಗರನ್ನೇ ಬಣ್ಣಕ್ಕೆ ಬಳಸುತ್ತಾರೆ. ಆ ಕೆಂಚು ಬಣ್ಣ ನಮ್ಮ ಅಡಿಕೆ ಅಂಗಳದ್ದೇ. ಮೊದಲ ಕೆಲವು ಸಲ ಬೇರೆಯಾಗಿ ತೊಳೆದು ನೆರಳಲ್ಲಿ ಒಣಗಿಸಬೇಕು.

ಅರಸೀಕೆರೆ ಅನು | ಹಬ್ಬ ಮುಗಿದ ಮೇಲೆ, ಭಾನುವಾರ, ರಾತ್ರಿ 9:10

ಎಲ್ಲರಿಗೂ ಹೇಳಬೇಕು ಅಂತ ಹಬ್ಬ ಮುಗಿಯುವುದನ್ನೇ ಕಾಯುತ್ತಿದ್ದೆ. ಉದ್ದ ಆಗುತ್ತದೆ, ಓದಿ.

ಅಮ್ಮನಿಗೆ ಹೊಸದೇನೂ ತರಲಿಲ್ಲ. ಮೂರು ಸೀರೆಗೂ ಫಾಲ್, ಕುಚ್ಚು, ಕುಪ್ಪಸ ಮಾಡಿಸಿದೆ. ಗಂಗಕ್ಕ ಹೇಳಿದ ಹಾಗೆ ಮುಂದೆ ಕೊಕ್ಕೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಸ್ನಾನ ಆದ ಮೇಲೆ ಅಮ್ಮ ಹಸಿರು ಸೀರೆ ಉಟ್ಟರು. ಅಮಾವಾಸ್ಯೆಗೆ ನೇರಳೆ. ಪಾಡ್ಯಕ್ಕೆ ಮೂರನೆಯದು. ಮೂರು ದಿನಕ್ಕೆ ಮೂರು. "ಕುಪ್ಪಸ ಇರಲಿಲ್ಲ ಕಣೇ, ಅದಕ್ಕೇ" ಅಂತ ಆಗ ಹೇಳಿದರು. ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ.

ಸುಮಕ್ಕ, ನಮ್ಮ ಮನೆಯಲ್ಲೂ ಹಿತ್ತಾಳೆ ಪಾತ್ರೆ ಮಂಚದ ಕೆಳಗೆ ಗೋಣಿಯಲ್ಲಿ ಇದ್ದವು. ಅರಸೀಕೆರೆಯ ಪಾತ್ರೆ ಅಂಗಡಿಯಲ್ಲಿ ಕೇಳಿದಾಗ, ಕಲಾಯಿ ಹಾಕುವವರು ಸಂತೆ ದಿನ ಬರುತ್ತಾರೆ ಅಂದರು. ನಾಲ್ಕಕ್ಕೆ ಹಾಕಿಸಿದೆ. ಒಂದರ ತಳದಲ್ಲಿ ಅಮ್ಮನ ಅಮ್ಮನ ಹೆಸರು ಚುಕ್ಕೆ ಚುಕ್ಕೆಯಾಗಿ ಕೆತ್ತಿದೆ. ಅದು ನನಗೆ ಗೊತ್ತೇ ಇರಲಿಲ್ಲ.

ಅಜ್ಜಿಗೆ ಹೊಸ ನೋಟಿನ ಕಟ್ಟು ಕೊಟ್ಟೆ. ಕಮಲಕ್ಕ ಹೇಳಿದ್ದು ಸತ್ಯ. ಅಜ್ಜಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು, ಬಾಗಿಲಿಗೆ ಎದುರಾಗಿ ಕೂತು, ಯಾರು ಬರುತ್ತಾರೆ ಅಂತ ನೋಡುತ್ತಿದ್ದರು. ಅಳಗುಳಿಮಣೆಯಲ್ಲಿ ಮೊದಲ ದಿನ ಅಣ್ಣನ ಮಗ ಸೋತು ಅತ್ತ. ಎರಡನೇ ದಿನ ಅವನೇ ಅಜ್ಜಿಯನ್ನು ಎಬ್ಬಿಸಿ ಕೂರಿಸಿದ. ಹುಣಸೆ ಬೀಜ ಎರಡು ಕಳೆದುಹೋಗಿವೆ, ಮನೆಯಲ್ಲಿ ಎಲ್ಲರೂ ಹುಡುಕುತ್ತಿದ್ದಾರೆ.

ಹುಬ್ಬಳ್ಳಿ ಹುಡುಗ ಅವರೇ, ಅತ್ತೆಗೆ ಒಬ್ಬ ತಮ್ಮ ಇದ್ದಾರೆ, ಸವದತ್ತಿಯಲ್ಲಿ. ಈ ಸಲ ಅಲ್ಲಿಗೆ ಹೋಗಲು ಆಗಲಿಲ್ಲ, ಅವರ ಆರೋಗ್ಯ ಸರಿ ಇರಲಿಲ್ಲ. ಬರುವ ತಿಂಗಳು ನನ್ನ ಯಜಮಾನರು ಕರೆದುಕೊಂಡು ಹೋಗುತ್ತಾರೆ, ದಿನ ಗೊತ್ತು ಮಾಡಿದ್ದೇವೆ. ಅತ್ತೆ ನಾದಿನಿಗೆ ಅಂತ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಎರಡೂ ಚಟ್ನಿಪುಡಿ), ಎಣ್ಣೆಗಾಯಿ ಬರೆದುಕೊಟ್ಟಿದ್ದಾರೆ. ನಾಲ್ಕು ಅಂತ ಶುರು ಮಾಡಿ ಹದಿನಾರಕ್ಕೆ ಬಂದಿದ್ದಾರೆ. ಪುಸ್ತಕ ತುಂಬಿದ ಮೇಲೇ ಕಳಿಸುವುದು ಅಂತ ಹೇಳಿದ್ದಾರೆ.

ಮೇಷ್ಟ್ರೇ, ಅಪ್ಪನ ವಿಷಯ ಕೊನೆಗೆ ಇಟ್ಟುಕೊಂಡೆ. ಹಬ್ಬದ ಮಾರನೆಯ ದಿನ ಬೆಳಿಗ್ಗೆ ಮೈಸೂರು ಬಸ್ಸು ಹತ್ತಿದೆವು. ಅಪ್ಪ ಕಂಡಕ್ಟರ್ ಸೀಟಿನ ಹಿಂದೆಯೇ ಕೂತರು. ಶಕ್ತಿ ಯೋಜನೆಯಲ್ಲಿ ನನಗೆ ಶೂನ್ಯ ಟಿಕೆಟ್ ಕೊಟ್ಟರು. ಅಪ್ಪ ಅದನ್ನು ನನ್ನ ಕೈಯಿಂದ ತಗೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ಅವರ ಕಾಲದಲ್ಲಿ ಟಿಕೆಟ್ ಕಟ್ಟು, ಪಂಚಿಂಗ್ ಯಂತ್ರ. ಮೊದಲ ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಆಮೇಲೆ ಪ್ರತಿ ನಿಲ್ದಾಣದ ಹೆಸರನ್ನೂ ಬಸ್ಸು ನಿಲ್ಲುವ ಮುಂಚೆಯೇ ಹೇಳಲು ಶುರು ಮಾಡಿದರು. ಇಲ್ಲಿ ಒಬ್ಬ ತರಕಾರಿ ಅಜ್ಜಿ ದಿನಾ ಹತ್ತುತ್ತಿದ್ದರು, ಇಲ್ಲಿ 1994ರ ಮಳೆಯಲ್ಲಿ ರಾತ್ರಿಯೆಲ್ಲ ಬಸ್ಸು ನಿಂತಿತ್ತು, ಈ ಹೋಟೆಲಿನವರು ಡ್ರೈವರ್ ಕಂಡಕ್ಟರಿಗೆ ಅಂತ ಬಿಸಿ ಇಡ್ಲಿ ಎತ್ತಿಡುತ್ತಿದ್ದರು. ನಾನು ಹುಟ್ಟಿದ ಸುದ್ದಿ ಅವರಿಗೆ ತಿಳಿದದ್ದು ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಂತೆ. ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ಕೂಗಿ ಹೇಳಿದರಂತೆ, "ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ" ಅಂತ. ಅಪ್ಪ ಬಸ್ಸಿನಲ್ಲಿದ್ದವರಿಗೆಲ್ಲ ಪೆಪ್ಪರ್‌ಮೆಂಟ್ ಹಂಚಿದರಂತೆ. ನನಗೆ 32 ವರ್ಷ. ಇದನ್ನು ನಾನು ಕೇಳಿದ್ದು ಮೊನ್ನೆ.

ತಿಪಟೂರು ಮೇಷ್ಟ್ರು | ಭಾನುವಾರ, ರಾತ್ರಿ 9:32

ಅದನ್ನು ಬರೆದಿಡು ತಾಯಿ. ದಿನಾಂಕ ಹಾಕಿ ಬರೆದಿಡು.

ಮಂಡ್ಯ ಮಮತ | ಭಾನುವಾರ, ರಾತ್ರಿ 10:05

ನಾನು ಕಜ್ಜಾಯ ಮಾಡಿ ಡಬ್ಬಿಯಲ್ಲಿ ಕೊಟ್ಟು ಬಂದೆ. ಡಬ್ಬಿ ತರಲು ನಾಳೆ ಸಂಜೆ ಹೋಗುತ್ತಿದ್ದೇನೆ. ದೊಡ್ಡ ಹುಡುಗ ಫೋನು ಮಾಡಿ, "ಆಂಟಿ, ಅಪ್ಪ ಕಾಲೇಜಿನಲ್ಲಿ ಕಬಡ್ಡಿ ಆಡಿದ್ದರು ಅಂದಿರಲ್ಲ, ಅದರ ಫೋಟೋ ಇದೆಯಾ?" ಅಂತ ಕೇಳಿದ. ಇವತ್ತು ಮಧ್ಯಾಹ್ನದಿಂದ ಹಳೆಯ ಆಲ್ಬಂ ಹುಡುಕುತ್ತಿದ್ದೇನೆ.